ಕುಟುಂಬ ವೈದ್ಯಶಾಸ್ತ್ರದ ಒಂದು ತಿಂಗಳು: ವಿದೇಶ ಕಲಿಕೆಗೆ ಹೊರಟ ವೈದ್ಯ ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ

ಕನ್ನಡ ನಾಡಿನ ವೈದ್ಯಕೀಯ ಶಿಕ್ಷಣದಲ್ಲಿ ನಮ್ಮ ಮಠಮಾನ್ಯಗಳೂ ಸಮಾಜದ ವಿದ್ಯಾಸಂಸ್ಥೆಗಳೂ ವಹಿಸಿದ ಪಾತ್ರ ಸರ್ವವಿದಿತವಾದದ್ದು. 1963ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯ, ಅದೇ ವರ್ಷ ಕಲಬುರಗಿಯಲ್ಲಿ ಎಂ.ಆರ್. ವೈದ್ಯಕೀಯ ಮಹಾವಿದ್ಯಾಲಯ, 1965ರಲ್ಲಿ ದಾವಣಗೆರೆಯ ಜೆ.ಜೆ.ಎಂ., 1984ರಲ್ಲಿ ಮೈಸೂರಿನ ಜೆ.ಎಸ್.ಎಸ್. ಹೀಗೆ ಒಂದೊಂದಾಗಿ ಹುಟ್ಟಿದ ಈ ಕಾಲೇಜುಗಳಲ್ಲಿ ಓದಿದ ಅನೇಕ ವೈದ್ಯರು ಇಂದು ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿದ್ದಾರೆ. ಅವರ ದಾರಿ ಹಿಡಿಯಬಯಸುವ ಈಗಿನ ವಿದ್ಯಾರ್ಥಿಗಳ ಬಾಯಲ್ಲಿ ‘ಇಲೆಕ್ಟಿವ್’ ಎಂಬ ಮಾತು ಮೂರನೆಯ ವರ್ಷದಿಂದಲೇ ಕೇಳಿಬರತೊಡಗುತ್ತದೆ. ಅಮೆರಿಕದ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ನಾಲ್ಕು ವಾರ ಕುಟುಂಬ ವೈದ್ಯಶಾಸ್ತ್ರ, ಅಂದರೆ ಫ್ಯಾಮಿಲಿ ಮೆಡಿಸಿನ್, ಕಲಿತು ಬರುವುದು ಅದರ ತಾತ್ಪರ್ಯ.

ಶ್ರೀಮಠದ ಕಚೇರಿಗೆ ನೆರವಿನ ಅರ್ಜಿ ಹಿಡಿದು ಬರುವ ಪಾಲಕರು ಈ ವಿಷಯದಲ್ಲಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರೇ. ಇದು ಪದವಿಯೋ, ಕೋರ್ಸೋ, ಬರಿಯ ಪ್ರವಾಸವೋ? ಒಂದು ತಿಂಗಳಿಗೆ ಇಷ್ಟು ಲಕ್ಷ ಏಕೆ ಬೇಕು? ಅದಕ್ಕಿಂತ ಮುಖ್ಯವಾಗಿ, ಹೃದಯ, ಮಿದುಳು, ಮೂತ್ರಪಿಂಡಗಳಿಗೆ ಪ್ರತ್ಯೇಕ ತಜ್ಞರಿರುವ ದೇಶಕ್ಕೆ ಹೋಗಿ ನೆಗಡಿ-ಕೆಮ್ಮಿನ ಡಾಕ್ಟರಿಕೆ ಕಲಿಯುವುದೇಕೆ? ಮೂರನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿದರೆ ಉಳಿದೆರಡು ತಾವಾಗಿ ತಿಳಿಯಾಗುತ್ತವೆ.

1961ರಲ್ಲಿ ಕೆರ್ ವೈಟ್ ಎಂಬ ವೈದ್ಯರು ತಮ್ಮ ಇಬ್ಬರು ಸಹೋದ್ಯೋಗಿಗಳೊಂದಿಗೆ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಸಣ್ಣ ಲೇಖನ ಪ್ರಕಟಿಸಿದರು. ಅದರ ಲೆಕ್ಕ ಇಷ್ಟೇ. ಒಂದು ಜನಸಮುದಾಯದ 1,000 ವಯಸ್ಕರನ್ನು ತೆಗೆದುಕೊಳ್ಳಿ. ಒಂದು ತಿಂಗಳಲ್ಲಿ ಅವರ ಪೈಕಿ 750 ಮಂದಿಗೆ ಏನಾದರೊಂದು ಅನಾರೋಗ್ಯ ತಟ್ಟುತ್ತದೆ. 250 ಮಂದಿ ವೈದ್ಯರನ್ನು ಕಾಣುತ್ತಾರೆ. 9 ಮಂದಿ ಆಸ್ಪತ್ರೆಗೆ ದಾಖಲಾಗುತ್ತಾರೆ, 5 ಮಂದಿಯನ್ನು ಮತ್ತೊಬ್ಬ ವೈದ್ಯರ ಬಳಿಗೆ ಕಳಿಸಲಾಗುತ್ತದೆ. ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತುವವನು ಒಬ್ಬನೇ. ನಲವತ್ತು ವರ್ಷಗಳ ಬಳಿಕ, 2001ರಲ್ಲಿ, ಇದೇ ಲೆಕ್ಕವನ್ನು ಮತ್ತೆ ಮಾಡಿದಾಗಲೂ ಚಿತ್ರ ಬದಲಾಗಿರಲಿಲ್ಲ. ಯಂತ್ರಗಳು, ಔಷಧಿಗಳು, ವಿಮೆ ಎಲ್ಲವೂ ಬದಲಾಗಿದ್ದವು. ಆದರೆ ಸಾವಿರ ಜನರಲ್ಲಿ ದೊಡ್ಡ ಆಸ್ಪತ್ರೆ ಸೇರುವವರು ಒಬ್ಬರಿಗಿಂತಲೂ ಕಡಿಮೆ ಇದ್ದರು.

ಈ ಲೆಕ್ಕದ ಒಳಗೆ ಅಡಗಿರುವ ಪ್ರಶ್ನೆ ವೈದ್ಯ ಶಿಕ್ಷಣಕ್ಕೆ ಸಂಬಂಧಿಸಿದ್ದು. ನಮ್ಮ ವಿದ್ಯಾರ್ಥಿ ಐದೂವರೆ ವರ್ಷ ಕಲಿಯುವುದು ಆ ಒಬ್ಬ ರೋಗಿಯಿಂದ. ಅವನು ಪದವಿ ಪಡೆದು ತಾಲ್ಲೂಕು ಕೇಂದ್ರದಲ್ಲಿ ಕುಳಿತಾಗ ಎದುರು ಬರುವವರು ಉಳಿದ 249 ಮಂದಿ. ತಲೆನೋವೆಂದು ಬಂದ ನೂರು ಜನರಲ್ಲಿ ಮಿದುಳಿನ ಗೆಡ್ಡೆ ಇರುವವನು ಬಹುಶಃ ಒಬ್ಬನೂ ಇರಲಾರ. ನಿದ್ದೆಗೆಟ್ಟವರು, ಸಾಲದ ಚಿಂತೆಯವರು, ಕನ್ನಡಕ ಬೇಕಾದವರು, ಬಿಪಿ ಏರಿದವರು ಇರುತ್ತಾರೆ. ಅವರ ನಡುವೆ ನಿಜವಾಗಿ ಅಪಾಯದಲ್ಲಿರುವವರನ್ನು ಗುರುತಿಸಿ, ಉಳಿದವರನ್ನು ಅನವಶ್ಯಕ ಸ್ಕ್ಯಾನಿಂಗಿಗೆ ಕಳಿಸದೆ ಸಮಾಧಾನಪಡಿಸಿ ಚಿಕಿತ್ಸೆ ಕೊಡುವುದು ಒಂದು ಪ್ರತ್ಯೇಕ ವಿದ್ಯೆ. ತಜ್ಞವಿದ್ಯೆಗೆ ಬೇಕಾದ ಬುದ್ಧಿಗಿಂತ ಇದಕ್ಕೆ ಕಡಿಮೆ ಬುದ್ಧಿ ಸಾಕೆಂದು ತಿಳಿದವರು ಒಂದು ದಿನ ಹೊರರೋಗಿ ವಿಭಾಗದಲ್ಲಿ ಕುಳಿತು ನೋಡಬೇಕು.

ಹಿಂದೆ ನಮ್ಮ ಊರುಗಳಲ್ಲಿ ‘ಮನೆ ಡಾಕ್ಟರು’ ಎಂದು ಕರೆಯುತ್ತಿದ್ದೆವಷ್ಟೆ. ಅಜ್ಜನ ದಮ್ಮು, ತಾಯಿಯ ಬಾಣಂತಿತನ, ಮೊಮ್ಮಗನ ದಡಾರ, ಎಲ್ಲವೂ ಆತನಿಗೆ ಗೊತ್ತಿರುತ್ತಿತ್ತು. ಅಮೆರಿಕದ ವಿದ್ವಾಂಸೆ ಬಾರ್ಬರಾ ಸ್ಟಾರ್‌ಫೀಲ್ಡ್ ಪ್ರಾಥಮಿಕ ಆರೈಕೆಯ ಲಕ್ಷಣಗಳನ್ನು ನಾಲ್ಕಾಗಿ ವಿಂಗಡಿಸಿದರು: ಮೊದಲು ಕಾಣಬೇಕಾದ ವೈದ್ಯನಾಗಿರುವುದು, ವರ್ಷಗಟ್ಟಲೆ ಅದೇ ರೋಗಿಯ ಜೊತೆಗಿರುವುದು, ಹೆಚ್ಚಿನ ತೊಂದರೆಗಳನ್ನು ತಾನೇ ನೋಡಿಕೊಳ್ಳುವುದು, ತಜ್ಞರ ಬಳಿ ಕಳಿಸಿದಾಗ ಎಳೆಗಳನ್ನು ತನ್ನ ಕೈಯಲ್ಲೇ ಹಿಡಿದಿರುವುದು. ನಮ್ಮ ಮನೆ ಡಾಕ್ಟರು ಇದನ್ನೆಲ್ಲ ಅನುಭವದಿಂದ ಮಾಡುತ್ತಿದ್ದರು. ಪಾಶ್ಚಾತ್ಯ ದೇಶಗಳು ಅದನ್ನೇ ಪಠ್ಯಕ್ರಮಕ್ಕೆ ತಂದು, ಪರೀಕ್ಷೆಯಿಟ್ಟು, ಪದವಿ ಕೊಡತೊಡಗಿದವು. 1952ರಲ್ಲಿ ಬ್ರಿಟನ್ನಿನಲ್ಲಿ ಸಾಮಾನ್ಯ ವೈದ್ಯರ ಕಾಲೇಜು ಸ್ಥಾಪನೆಯಾಯಿತು. 1963ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಈ ವಿಷಯಕ್ಕೆ ಪ್ರಪಂಚದ ಮೊದಲ ಪ್ರಾಧ್ಯಾಪಕ ಪೀಠವನ್ನು ತೆರೆಯಿತು. ಶೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡಿನಲ್ಲಿ ವೈದ್ಯರಾಗಿದ್ದ ಇಯಾನ್ ಮೆಕ್‌ವಿನಿ 1968ರಲ್ಲಿ ಕೆನಡಾಕ್ಕೆ ಹೋಗಿ ಅಲ್ಲಿಯ ಮೊದಲ ಕುಟುಂಬ ವೈದ್ಯಶಾಸ್ತ್ರ ಪ್ರಾಧ್ಯಾಪಕರಾದರು. 1969ರ ಫೆಬ್ರವರಿಯಲ್ಲಿ ಅಮೆರಿಕ ಇದನ್ನು ತನ್ನ ಇಪ್ಪತ್ತನೆಯ ತಜ್ಞವಿಭಾಗವಾಗಿ ಮಾನ್ಯಮಾಡಿತು. ಮೂರು ವರ್ಷದ ರೆಸಿಡೆನ್ಸಿ, ಪರೀಕ್ಷೆ, ಅಷ್ಟೇ ಅಲ್ಲ. ಒಮ್ಮೆ ಉತ್ತೀರ್ಣರಾದವರು ಕಾಲಕಾಲಕ್ಕೆ ಮತ್ತೆ ಪರೀಕ್ಷೆ ಕೊಡಬೇಕೆಂಬ ನಿಯಮವನ್ನು ಆ ದೇಶದಲ್ಲಿ ಮೊದಲು ತಂದುಕೊಂಡವರೇ ಕುಟುಂಬ ವೈದ್ಯರು. ತಮ್ಮನ್ನು ತಾವೇ ಪರೀಕ್ಷೆಗೊಡ್ಡಿಕೊಂಡ ಈ ನಡೆ ನನಗೆ ಬಹಳ ಮೆಚ್ಚುಗೆಯಾದದ್ದು.

ಇನ್ನು ಇಲೆಕ್ಟಿವ್ ಎಂದರೇನು? ಪಠ್ಯಕ್ರಮದಲ್ಲಿ ವಿದ್ಯಾರ್ಥಿ ತಾನೇ ಆಯ್ದುಕೊಳ್ಳಬಹುದಾದ, ಸಾಮಾನ್ಯವಾಗಿ ನಾಲ್ಕು ವಾರಗಳ ಕಲಿಕೆ. ಅಮೆರಿಕದಲ್ಲಿ ಬೇರೆ ಕಾಲೇಜಿನ ವಿದ್ಯಾರ್ಥಿಗಳನ್ನು ಅತಿಥಿ ವಿದ್ಯಾರ್ಥಿಗಳಾಗಿ ಸೇರಿಸಿಕೊಳ್ಳುವ ಪದ್ಧತಿ ಚೆನ್ನಾಗಿ ಬೆಳೆದಿದೆ. ಅಲ್ಲಿಯ ವೈದ್ಯಕೀಯ ಕಾಲೇಜುಗಳ ಒಕ್ಕೂಟ ನಡೆಸುವ ವಿ.ಎಸ್.ಎಲ್.ಒ. ಎಂಬ ಜಾಲದ ಮೂಲಕ ಅನೇಕ ಕಾಲೇಜುಗಳು ಅರ್ಜಿ ಸ್ವೀಕರಿಸುತ್ತವೆ. ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಅವರ ಮಾತೃಕಾಲೇಜೂ ಆ ಜಾಲದಲ್ಲಿ ಸೇರಿರಬೇಕಾಗುತ್ತದೆ. ಕೆಲವು ವಿಶ್ವವಿದ್ಯಾಲಯಗಳು ನೇರವಾಗಿಯೂ ಅರ್ಜಿ ತೆಗೆದುಕೊಳ್ಳುತ್ತವೆ. ಕೆಲವು ವಿದೇಶಿಯರನ್ನು ತೆಗೆದುಕೊಳ್ಳುವುದೇ ಇಲ್ಲ. 1951ರಲ್ಲಿ ಹುಟ್ಟಿದ ವೈದ್ಯ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಒಕ್ಕೂಟದ ಮೂಲಕ ದೇಶ-ದೇಶಗಳ ನಡುವೆ ವಿನಿಮಯವಾಗಿ ಹೋಗಿಬರುವ ಇನ್ನೊಂದು, ಹೆಚ್ಚು ಅಗ್ಗದ, ದಾರಿಯೂ ಇದೆ. ನಮ್ಮ ವಿದ್ಯಾರ್ಥಿಗಳು ಇದರ ಹೆಸರನ್ನು ಕೇಳಿರುವುದೇ ಕಡಿಮೆ.

ಇಲ್ಲಿ ಪಾಲಕರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಒಂದು ಭೇದವಿದೆ. ಇಲೆಕ್ಟಿವ್ ಬೇರೆ, ಅಬ್ಸರ್ವರ್‌ಶಿಪ್ ಬೇರೆ. ಇಲೆಕ್ಟಿವ್‌ನಲ್ಲಿ ವಿದ್ಯಾರ್ಥಿ ಗುರುವಿನ ಮೇಲ್ವಿಚಾರಣೆಯಲ್ಲಿ ರೋಗಿಯನ್ನು ಮಾತನಾಡಿಸುತ್ತಾನೆ, ಮುಟ್ಟಿ ಪರೀಕ್ಷಿಸುತ್ತಾನೆ, ತನ್ನ ಅಭಿಪ್ರಾಯ ಬರೆಯುತ್ತಾನೆ. ಕೊನೆಯಲ್ಲಿ ಲಿಖಿತ ಮೌಲ್ಯಮಾಪನವಿರುತ್ತದೆ. ಅಬ್ಸರ್ವರ್‌ಶಿಪ್‌ನಲ್ಲಿ ಗೋಡೆಗೆ ಒರಗಿ ನಿಂತು ನೋಡುವುದಷ್ಟೆ. ಸ್ಟೆತಾಸ್ಕೋಪ್ ಕೊರಳಲ್ಲಿದ್ದರೂ ರೋಗಿಯ ಎದೆಗೆ ಮುಟ್ಟಿಸುವ ಹಾಗಿಲ್ಲ. ವಿದ್ಯಾರ್ಥಿ ದೆಸೆ ಮುಗಿದ ಮೇಲೆ, ಅಲ್ಲಿಯ ಪರವಾನಗಿ ಇಲ್ಲದವರಿಗೆ ಸಾಮಾನ್ಯವಾಗಿ ಅಬ್ಸರ್ವರ್‌ಶಿಪ್ ಮಾತ್ರ ದೊರೆಯುತ್ತದೆ. ಆದ್ದರಿಂದ ಎಂ.ಬಿ.ಬಿ.ಎಸ್. ಮುಗಿಸಿ ನಿಧಾನವಾಗಿ ನೋಡೋಣವೆಂದವರಿಗೆ ಈ ಬಾಗಿಲು ಮುಚ್ಚಿರುತ್ತದೆ. ಅಂತಿಮ ಪರೀಕ್ಷೆ ಮುಗಿಸಿ ಇಂಟರ್ನ್‌ಶಿಪ್ ಮಾಡುತ್ತಿರುವವರನ್ನು ಕೆಲವು ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳೆಂದು ಎಣಿಸುತ್ತವೆ, ಕೆಲವು ಎಣಿಸುವುದಿಲ್ಲ. ಇದನ್ನು ಮೊದಲೇ ಬರೆದು ಕೇಳಿಕೊಳ್ಳಬೇಕು.

ಈ ಭೇದ ತಿಳಿಯದಿದ್ದರೆ ಏನಾಗುತ್ತದೆ? ನಮಗೆ ಪರಿಚಿತವಾದ ಒಂದು ರೈತ ಕುಟುಂಬ ಹೊಲ ಅಡವಿಟ್ಟು, ಮಧ್ಯವರ್ತಿ ಸಂಸ್ಥೆಯೊಂದಕ್ಕೆ ಸಾವಿರಾರು ಡಾಲರ್ ಕಟ್ಟಿ ಮಗಳನ್ನು ಕಳಿಸಿತು. ಅಲ್ಲಿ ಆಕೆಗೆ ದೊರೆತದ್ದು ವಿಶ್ವವಿದ್ಯಾಲಯವಲ್ಲ, ಅಂಗಡಿಸಾಲಿನ ನಡುವಿನ ಖಾಸಗಿ ಕ್ಲಿನಿಕ್ಕು. ನಾಲ್ಕು ವಾರ ಆಕೆ ಒಬ್ಬ ರೋಗಿಯ ನಾಡಿಯನ್ನೂ ಹಿಡಿಯಲಿಲ್ಲ. ಕೈಗೆ ಬಂದದ್ದು ಎಲ್ಲರಿಗೂ ಕೊಡುವ ಒಂದೇ ಅಚ್ಚಿನ ಪ್ರಮಾಣಪತ್ರ. ಹಣ ಮರಳಿ ಕೇಳಿದಾಗ, ಕರಾರಿನಲ್ಲಿ ‘ಅಬ್ಸರ್ವೇಶನ್’ ಎಂದೇ ಇದೆಯಲ್ಲ ಎಂದು ತೋರಿಸಿದರು. ಅದು ನಿಜವೂ ಆಗಿತ್ತು. ಮಧ್ಯವರ್ತಿಗಳೆಲ್ಲ ಮೋಸಗಾರರೆಂದು ನಾನು ಹೇಳುವುದಿಲ್ಲ. ಆದರೆ ಯಾವ ವಿಶ್ವವಿದ್ಯಾಲಯ, ಯಾವ ವಿಭಾಗ, ರೋಗಿಯನ್ನು ಮುಟ್ಟಿ ಪರೀಕ್ಷಿಸಬಹುದೋ ಇಲ್ಲವೋ, ಮೌಲ್ಯಮಾಪನಕ್ಕೆ ಸಹಿ ಹಾಕುವವರು ಯಾರು, ಈ ನಾಲ್ಕಕ್ಕೆ ಲಿಖಿತ ಉತ್ತರ ಬರುವವರೆಗೆ ಒಂದು ರೂಪಾಯಿಯನ್ನೂ ಕೊಡಬಾರದು.

ಒಳ್ಳೆಯ ಇಲೆಕ್ಟಿವ್‌ನಲ್ಲಿ ಒಂದು ದಿನ ಹೇಗೆ ಸಾಗುತ್ತದೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ವಿದ್ಯೆ ಇರುವುದು ಅಲ್ಲಿ. ಬೆಳಿಗ್ಗೆ ವೈದ್ಯರು, ದಾದಿಯರು, ಸಹಾಯಕರು ಐದು ನಿಮಿಷ ನಿಂತುಕೊಂಡೇ ಆ ದಿನ ಬರಲಿರುವವರ ಪಟ್ಟಿ ನೋಡುತ್ತಾರೆ. ಯಾರಿಗೆ ಲಸಿಕೆ ಬಾಕಿ, ಯಾರ ಮಧುಮೇಹದ ರಕ್ತಪರೀಕ್ಷೆ ತಡವಾಗಿದೆ, ಯಾರು ಕಳೆದ ವಾರ ಆಸ್ಪತ್ರೆಯಿಂದ ಬಿಡುಗಡೆಯಾದರು ಎಂಬುದು ಅಲ್ಲೇ ನಿಗದಿಯಾಗುತ್ತದೆ. ರೋಗಿ ಕೊಠಡಿಯಲ್ಲಿ ಕುಳಿತಿರುತ್ತಾನೆ, ವೈದ್ಯರು ಅವನಿದ್ದಲ್ಲಿಗೆ ಹೋಗುತ್ತಾರೆ. ನಮ್ಮಲ್ಲಿಯಂತೆ ರೋಗಿ ಸರದಿ ನಿಂತು ವೈದ್ಯರ ಮೇಜಿನ ಬಳಿ ಬರುವುದಲ್ಲ. ಮೊದಲು ಸಹಾಯಕರು ರೋಗಿಯನ್ನು ಕೇಳುತ್ತಾರೆ: ವಿದ್ಯಾರ್ಥಿಯೊಬ್ಬರು ನಿಮ್ಮನ್ನು ನೋಡಬಹುದೇ? ಬೇಡವೆಂದರೆ ಅಲ್ಲಿಗೆ ಮುಗಿಯಿತು. ಅದರಿಂದ ಯಾರೂ ಮುಖ ಸಣ್ಣದು ಮಾಡಿಕೊಳ್ಳುವುದಿಲ್ಲ. ಒಪ್ಪಿದರೆ ವಿದ್ಯಾರ್ಥಿ ಒಳಗೆ ಹೋಗಿ, ತಾನು ವಿದ್ಯಾರ್ಥಿ ಎಂದು ಸ್ಪಷ್ಟವಾಗಿ ಹೇಳಿ ಮಾತು ಆರಂಭಿಸುತ್ತಾನೆ. ಡಾಕ್ಟರೆಂದು ಹೇಳಿಕೊಳ್ಳುವುದು ದೊಡ್ಡ ಅಪರಾಧ.

ಮಾತಿನ ಆರಂಭವೇ ಮೊದಲ ಪಾಠ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಲ್ಲಿಯ ವೈದ್ಯರನ್ನು ಬೆಚ್ಚಿಬೀಳಿಸಿತ್ತು: ರೋಗಿ ತನ್ನ ಕಷ್ಟ ಹೇಳತೊಡಗಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ಮಾತು ತಡೆಯುತ್ತಿದ್ದರು. 1999ರಲ್ಲಿ ಕುಟುಂಬ ವೈದ್ಯರನ್ನೇ ಅಳೆದು ನೋಡಿದಾಗ ಅದು 23 ಸೆಕೆಂಡಿಗೆ ಏರಿತ್ತು. ಆದ್ದರಿಂದ ವಿದ್ಯಾರ್ಥಿಗೆ ಕೊಡುವ ಸೂಚನೆ: ಮೊದಲ ಪ್ರಶ್ನೆ ಕೇಳಿ ಸುಮ್ಮನಿರಿ. ರೋಗಿ ಮಾತು ಮುಗಿಸಿದ ಮೇಲೆ, ‘ಮತ್ತೇನಾದರೂ ಇದೆಯೇ’ ಎಂದು ಕೇಳಿ. ಹೊರಡುವಾಗ ಬಾಗಿಲ ಬಳಿ ನಿಂತು ಹೇಳುವ ಮಾತಿನಲ್ಲೇ ನಿಜವಾದ ಕಾರಣ ಇರುವುದುಂಟು. ನಮ್ಮ ವಿದ್ಯಾರ್ಥಿಗಳಿಗೆ ಇದು ಕಷ್ಟದ ಅಭ್ಯಾಸ. ರೋಗದ ಹೆಸರನ್ನು ಬೇಗ ಹೇಳಿದವನೇ ಜಾಣ ಎಂಬ ಪರೀಕ್ಷಾಪದ್ಧತಿಯಲ್ಲಿ ಬೆಳೆದವರು ಅವರು. ಅವರನ್ನೇ ದೂರುವುದೂ ನ್ಯಾಯವಲ್ಲ. 67 ದೇಶಗಳ ಮಾಹಿತಿ ಒಟ್ಟುಗೂಡಿಸಿದ 2017ರ ಅಧ್ಯಯನವೊಂದರಲ್ಲಿ ಪ್ರಾಥಮಿಕ ಹಂತದಲ್ಲಿ ಒಬ್ಬ ರೋಗಿಗೆ ಸಿಗುವ ಸಮಯ ಸ್ವೀಡನ್ನಿನಲ್ಲಿ 22 ನಿಮಿಷಕ್ಕೂ ಹೆಚ್ಚು, ಭಾರತದಲ್ಲಿ ಸುಮಾರು 2 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡ್ ಎಂದಿತ್ತು. ಎರಡು ನಿಮಿಷದಲ್ಲಿ ಸುಮ್ಮನಿರುವುದನ್ನು ಯಾರು ಕಲಿಸಲು ಸಾಧ್ಯ?

ವಿದ್ಯಾರ್ಥಿ ಹತ್ತು ಹದಿನೈದು ನಿಮಿಷ ಮಾತನಾಡಿ, ಪರೀಕ್ಷಿಸಿ ಹೊರಬರುತ್ತಾನೆ. ಹೊರಗೆ ಗುರು ಕಾಯುತ್ತಿರುತ್ತಾರೆ. ಅಲ್ಲಿ ಅವರನ್ನು ಪ್ರಿಸೆಪ್ಟರ್ ಎನ್ನುತ್ತಾರೆ. ಈ ಎರಡು-ಮೂರು ನಿಮಿಷಗಳ ಪಾಠಕ್ಕೂ ಅಲ್ಲೊಂದು ಶಾಸ್ತ್ರವಿದೆ. 1992ರಲ್ಲಿ ಕುಟುಂಬ ವೈದ್ಯ ಶಿಕ್ಷಕರೇ ರೂಪಿಸಿದ ಕ್ರಮ ಅದು. ಗುರು ಮೊದಲು ಉತ್ತರ ಹೇಳುವುದಿಲ್ಲ. ‘ಏನಾಗಿದೆಯೆಂದು ನಿಮಗೆ ತೋರುತ್ತದೆ?’ ಎಂದು ಕೇಳಿ ವಿದ್ಯಾರ್ಥಿಯನ್ನು ಒಂದು ನಿಲುವಿಗೆ ಕಟ್ಟಿಹಾಕುತ್ತಾರೆ. ಅನಂತರ ಅದಕ್ಕೆ ಆಧಾರವೇನೆಂದು ಕೇಳುತ್ತಾರೆ. ಒಂದು ಸಾಮಾನ್ಯ ಸೂತ್ರ ಕಲಿಸುತ್ತಾರೆ. ಸರಿಯಾಗಿ ಮಾಡಿದ್ದನ್ನು ಹೆಸರಿಸಿ ಹೊಗಳುತ್ತಾರೆ. ಕೊನೆಗೆ ತಪ್ಪನ್ನು ತಿದ್ದುತ್ತಾರೆ. ಹೊಗಳಿಕೆ ತಿದ್ದುವಿಕೆಗಿಂತ ಮೊದಲು ಬರುವುದನ್ನು ಓದುಗರು ಗಮನಿಸಬೇಕು. ರೋಗಿಗಳ ಎದುರೇ ವಿದ್ಯಾರ್ಥಿಯನ್ನು ಗದರುವ ಪರಂಪರೆಯಿಂದ ಹೋದವರಿಗೆ ಇದು ಹೊಸ ಅನುಭವ. ಆ ಬಳಿಕ ಗುರುಶಿಷ್ಯರಿಬ್ಬರೂ ಒಟ್ಟಿಗೆ ಒಳಹೋಗುತ್ತಾರೆ, ಗುರು ತಾವೇ ಮತ್ತೊಮ್ಮೆ ಪರೀಕ್ಷಿಸುತ್ತಾರೆ, ಚಿಕಿತ್ಸೆ ನಿರ್ಧಾರವಾಗುತ್ತದೆ.

ಅರ್ಧ ದಿನದಲ್ಲಿ ಬರುವ ರೋಗಿಗಳಾದರೂ ಎಂಥವರು? ಎರಡು ತಿಂಗಳ ಮಗುವಿಗೆ ಲಸಿಕೆ, ಏಳು ತಿಂಗಳ ಗರ್ಭಿಣಿಗೆ ತಪಾಸಣೆ, ಬೆನ್ನುನೋವಿನ ಲಾರಿ ಚಾಲಕ, ಸಿಗರೇಟು ಬಿಡಬೇಕೆಂದು ಮೂರನೆಯ ಸಲ ಬಂದವರು, ಮರೆವಿನ ಅಜ್ಜಿ. ಕಾಯಿಲೆಯಿಲ್ಲದೆ ಬರುವವರೂ ಬಹಳ. 45 ದಾಟಿದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ, ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ತಪಾಸಣೆ ಮುಂತಾದವನ್ನು ಕುಟುಂಬ ವೈದ್ಯರೇ ನೆನಪಿಸಿ ಮಾಡಿಸುತ್ತಾರೆ. ಮನಸ್ಸಿನ ಕಾಯಿಲೆಗೂ ಬಿಪಿಯಷ್ಟೇ ಸಹಜವಾದ ಸ್ಥಾನವಿದೆ: ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿಯಿಲ್ಲದಂತಾಗಿತ್ತೇ, ಮನಸ್ಸು ಕುಗ್ಗಿತ್ತೇ ಎಂಬರ್ಥದ ಎರಡು ಪ್ರಶ್ನೆಗಳನ್ನು ಅಂಗಾಲು ನೋವೆಂದು ಬಂದವರಿಗೂ ಕೇಳುವುದುಂಟು. ಹದಿಹರೆಯದ ಮಕ್ಕಳು ಬಂದರೆ ತಾಯಿತಂದೆಯರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಮಗುವನ್ನು ಪ್ರತ್ಯೇಕವಾಗಿ ಮಾತನಾಡಿಸುತ್ತಾರೆ. ರೋಗಿಯ ಒಪ್ಪಿಗೆಯಿಲ್ಲದೆ ಗಂಡನಿಗಾಗಲಿ ಮಗನಿಗಾಗಲಿ ವಿಷಯ ತಿಳಿಸುವಂತಿಲ್ಲ. ‘ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ನನಗೆ ಹೇಳಿ’ ಎಂದು ಮಗ ಪಿಸುಗುಟ್ಟುವ ನಮ್ಮ ರೂಢಿ ಅಲ್ಲಿ ನಡೆಯದು.

ಭಾಷೆಯ ಏರ್ಪಾಡನ್ನೂ ಹೇಳಬೇಕು. ಇಂಗ್ಲಿಷ್ ಬಾರದ ರೋಗಿ ಬಂದರೆ ದೂರವಾಣಿಯಲ್ಲೋ ಪರದೆಯ ಮೇಲೋ ತರಬೇತಿ ಪಡೆದ ದುಭಾಷಿ ಬರುತ್ತಾರೆ. ಮಗನನ್ನೋ ಸೊಸೆಯನ್ನೋ ನಡುವೆ ನಿಲ್ಲಿಸಿ ಅನುವಾದ ಮಾಡಿಸುವುದನ್ನು ಆದಷ್ಟು ತಪ್ಪಿಸುತ್ತಾರೆ; ಸೊಸೆಯ ಮುಂದೆ ಹೇಳಲಾಗದ ಮಾತು ಅತ್ತೆಗೆ ಇರಬಹುದಲ್ಲ. ಬೆಳಗಾವಿಯ ಹೊರರೋಗಿ ವಿಭಾಗದಲ್ಲಿ ಕನ್ನಡ, ಮರಾಠಿ, ಉರ್ದು ಮೂರನ್ನೂ ಒಂದೇ ಮುಂಜಾನೆ ಆಡುವ ನಮ್ಮ ವಿದ್ಯಾರ್ಥಿಗೆ ಈ ವಿಷಯದಲ್ಲಿ ಅಲ್ಲಿಯವರಿಗಿಲ್ಲದ ಒಂದು ಸೂಕ್ಷ್ಮ ಇದ್ದೇ ಇರುತ್ತದೆ.

ಅಲ್ಲಿಯದೆಲ್ಲ ಬಂಗಾರವೆಂದು ಭಾವಿಸಬಾರದು. ಇಪ್ಪತ್ತು ನಿಮಿಷ ಮಾತು ಕೇಳುವ ಅದೇ ಕೊಠಡಿಯಲ್ಲಿ, ವಿಮೆಯಿಲ್ಲದ ಕಾರಣ ಇನ್ಸುಲಿನ್ನನ್ನು ಅರ್ಧಕ್ಕೆ ಇಳಿಸಿಕೊಂಡ ರೋಗಿಯೂ ಕಾಣಸಿಗುತ್ತಾನೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುವ ಮಾತ್ರೆಗೆ ಅಲ್ಲಿ ಲೆಕ್ಕ ಹಾಕಬೇಕಾಗುತ್ತದೆ. ವೇಲ್ಸ್‌ನ ಗಣಿ ಹಳ್ಳಿ ಗ್ಲಿನ್‌ಕೊರಗ್‌ನಲ್ಲಿ ದಶಕಗಳ ಕಾಲ ಸೇವೆ ಸಲ್ಲಿಸಿದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಇದಕ್ಕೊಂದು ಹೆಸರಿಟ್ಟರು: ವಿಲೋಮ ಆರೈಕೆಯ ನಿಯಮ. ಯಾರಿಗೆ ವೈದ್ಯರ ಅಗತ್ಯ ಹೆಚ್ಚೋ ಅವರಿಗೇ ವೈದ್ಯರು ಸಿಗುವುದು ಕಡಿಮೆ ಎಂಬುದು ಅದರ ಸಾರ. ಆ ವೇಲ್ಸ್ ಕಣಿವೆಗಳಲ್ಲಿ, ಸ್ಥಳೀಯ ವೈದ್ಯರು ಹೋಗಲೊಲ್ಲದ ಊರುಗಳಲ್ಲಿ, ಸಾಮಾನ್ಯ ವೈದ್ಯರಾಗಿ ನಿಂತವರಲ್ಲಿ ಭಾರತ ಉಪಖಂಡದಿಂದ ಹೋದವರು ಬಹಳ ಮಂದಿ ಎಂಬುದು ಇತಿಹಾಸ.

ಅಮೆರಿಕದಲ್ಲೂ ಹೆಚ್ಚುಕಡಿಮೆ ಅದೇ ಕಥೆ. ಅಲ್ಲಿಯ ರೆಸಿಡೆನ್ಸಿ ಹಂಚಿಕೆಯಲ್ಲಿ ಕುಟುಂಬ ವೈದ್ಯಶಾಸ್ತ್ರಕ್ಕೆ ಈಚಿನ ವರ್ಷಗಳಲ್ಲಿ 5,000ಕ್ಕೂ ಹೆಚ್ಚು ಸ್ಥಾನಗಳಿದ್ದು, ಮೊದಲ ಸುತ್ತಿನಲ್ಲಿ ನೂರಾರು ಸ್ಥಾನಗಳು ಖಾಲಿ ಉಳಿಯುತ್ತಿವೆ. ವಿದೇಶಿ ಪದವೀಧರರಿಗೆ ಅಲ್ಲಿ ಅವಕಾಶವಿರುವುದು ಈ ಕಾರಣದಿಂದ. ಜೆ-1 ವೀಸಾದಲ್ಲಿ ತರಬೇತಿ ಪಡೆದವರು ಎರಡು ವರ್ಷ ಸ್ವದೇಶಕ್ಕೆ ಮರಳಬೇಕೆಂಬ ಷರತ್ತಿದೆ; ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿದರೆ ಅದರಿಂದ ವಿನಾಯಿತಿ ಪಡೆಯಬಹುದು. ಕಾನ್‌ರಾಡ್-30 ಎಂಬ ಆ ಏರ್ಪಾಡಿನಲ್ಲಿ ಪ್ರತಿ ರಾಜ್ಯವೂ ವರ್ಷಕ್ಕೆ 30 ವೈದ್ಯರನ್ನು ಇರಿಸಿಕೊಳ್ಳಬಹುದು. ಅಮೆರಿಕದ ಹಳ್ಳಿಗಾಡಿನ ಸಣ್ಣ ಊರುಗಳಲ್ಲಿ ಭಾರತೀಯ ವೈದ್ಯರು ಕಾಣಸಿಗುವುದಕ್ಕೆ ಇದೂ ಒಂದು ಕಾರಣ. ನಮ್ಮ ಹಳ್ಳಿಗೆ ಹೋಗಲೊಲ್ಲದವರು ಅವರ ಹಳ್ಳಿಗೆ ಹೋಗುತ್ತಾರೆಂದು ಯಾರಾದರೂ ಕುಟುಕಿದರೆ, ಉತ್ತರ ಹೇಳುವುದು ಸುಲಭವಲ್ಲ.

ರೆಸಿಡೆನ್ಸಿಗೆ ಅರ್ಜಿ ಹಾಕುವಾಗ ಆ ದೇಶದ ವೈದ್ಯರೇ ಬರೆದ ಶಿಫಾರಸು ಪತ್ರಕ್ಕೆ ಹೆಚ್ಚಿನ ತೂಕ. ಇಲೆಕ್ಟಿವ್‌ಗೆ ಇಷ್ಟೊಂದು ಬೇಡಿಕೆ ಬಂದಿರುವುದು ಅದಕ್ಕಾಗಿಯೇ. 2022ರ ಜನವರಿಯಿಂದ ಅಲ್ಲಿಯ ಪರವಾನಗಿ ಪರೀಕ್ಷೆಯ ಮೊದಲ ಹಂತಕ್ಕೆ ಅಂಕಗಳಿಲ್ಲ, ಉತ್ತೀರ್ಣ-ಅನುತ್ತೀರ್ಣ ಮಾತ್ರ. ಅಂಕದ ಬಲದಿಂದ ಎದ್ದುಕಾಣುವ ದಾರಿ ಅಷ್ಟರಮಟ್ಟಿಗೆ ಕಿರಿದಾದ ಮೇಲೆ ಪತ್ರಗಳ ಮಹತ್ವ ಇನ್ನೂ ಬೆಳೆಯಿತು. ಗುರುವಿಗೆ ವಿದ್ಯಾರ್ಥಿಯ ಕೆಲಸ ಕಂಡಿದ್ದರೆ ಮಾತ್ರ ಆ ಪತ್ರದಲ್ಲಿ ಸತ್ತ್ವವಿರುತ್ತದೆ. ಗೋಡೆಗೊರಗಿ ನಿಂತವನ ಬಗ್ಗೆ ಏನು ಬರೆದಾರು?

ಕಾಗದಪತ್ರಗಳ ಮಾತು. ಸಾಮಾನ್ಯವಾಗಿ ಕೇಳುವುದು ಇವು: ಅಂತಿಮ ವರ್ಷದಲ್ಲಿರುವುದಕ್ಕೆ ಹಾಗೂ ಮೆಡಿಸಿನ್, ಸರ್ಜರಿ, ಮಕ್ಕಳ ವಿಭಾಗ, ಪ್ರಸೂತಿ ಮುಂತಾದ ಮೂಲ ವಿಭಾಗಗಳ ಅಭ್ಯಾಸ ಮುಗಿಸಿರುವುದಕ್ಕೆ ಪ್ರಾಚಾರ್ಯರ ಪತ್ರ, ಅಂಕಪಟ್ಟಿ, ಇಂಗ್ಲಿಷ್ ಪ್ರಾವೀಣ್ಯದ ಪುರಾವೆ, ಆರೋಗ್ಯ ವಿಮೆ, ವೃತ್ತಿದೋಷದ ಹೊಣೆಗಾರಿಕೆ ವಿಮೆ. ಕೆಲವೆಡೆ ಪರವಾನಗಿ ಪರೀಕ್ಷೆಯ ಮೊದಲ ಹಂತ ಮುಗಿಸಿರಲೇಬೇಕು. ನಮ್ಮವರು ಹೆಚ್ಚಾಗಿ ಎಡವುವುದು ಲಸಿಕೆಯ ದಾಖಲೆಯಲ್ಲಿ. ದಡಾರ, ಮಂಗನಬಾವು, ರುಬೆಲ್ಲಾ, ಸಿಡುಬಿನಂತೆ ಕಾಣುವ ಚಿಕನ್‌ಪಾಕ್ಸ್, ಹೆಪಟೈಟಿಸ್-ಬಿ ಇವುಗಳ ವಿರುದ್ಧ ರೋಗನಿರೋಧಕ ಶಕ್ತಿಯಿದೆಯೆಂದು ದಾಖಲೆಯಿಂದಲೋ ರಕ್ತಪರೀಕ್ಷೆಯಿಂದಲೋ ತೋರಿಸಬೇಕು. ಬಾಲ್ಯದ ಲಸಿಕೆ ಚೀಟಿ ಬಹುತೇಕ ಮನೆಗಳಲ್ಲಿ ಸಿಗುವುದಿಲ್ಲ. ಹೆಪಟೈಟಿಸ್-ಬಿಯ ಮೂರು ಚುಚ್ಚುಮದ್ದುಗಳಿಗೆ ಆರು ತಿಂಗಳು ಬೇಕಾಗುವುದರಿಂದ ಕೊನೆಯ ಗಳಿಗೆಯಲ್ಲಿ ಮಾಡಬಹುದಾದ ಕೆಲಸವಲ್ಲ ಇದು. ಕ್ಷಯದ ತಪಾಸಣೆ ಇನ್ನೊಂದು ತೊಡಕು: ಬಿಸಿಜಿ ಚುಚ್ಚುಮದ್ದು ಪಡೆದ ನಮ್ಮ ಮಕ್ಕಳಿಗೆ ಚರ್ಮಪರೀಕ್ಷೆಯಲ್ಲಿ ಸುಳ್ಳು ಫಲಿತಾಂಶ ಬರುವ ಸಂಭವವಿದೆ, ರಕ್ತಪರೀಕ್ಷೆಯನ್ನು ಒಪ್ಪುತ್ತಾರೆಯೇ ಎಂದು ಮೊದಲೇ ವಿಚಾರಿಸಿದರೆ ಕೋಲಾಹಲ ತಪ್ಪುತ್ತದೆ.

ವೀಸಾ ವಿಷಯದಲ್ಲಿ ಸತ್ಯವನ್ನೇ ಹೇಳಬೇಕು. ಪ್ರವಾಸಕ್ಕೆಂದು ಹೇಳಿ ಹೋಗಿ ಆಸ್ಪತ್ರೆಯಲ್ಲಿ ಕಲಿಯುವುದು ಭವಿಷ್ಯಕ್ಕೆ ಕೊಡಲಿಪೆಟ್ಟು. ವಿದೇಶಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ತನ್ನ ಪದವಿಯ ಅಂಗವಾಗಿ, ಸಂಬಳವಿಲ್ಲದೆ, ಅಮೆರಿಕದ ವೈದ್ಯಕೀಯ ಕಾಲೇಜೊಂದರ ಆಸ್ಪತ್ರೆಯಲ್ಲಿ ಇಲೆಕ್ಟಿವ್ ಮಾಡಲು ಬಿ-1 ವೀಸಾದಲ್ಲಿ ಅವಕಾಶವಿದೆ. ‘ವೈದ್ಯಕೀಯ ಕಾಲೇಜಿನ ಆಸ್ಪತ್ರೆ’ ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಆಹ್ವಾನ ಪತ್ರ, ಇಲ್ಲಿಯ ಕಾಲೇಜಿನ ಅನುಮತಿ ಪತ್ರ ಎರಡೂ ಕೈಯಲ್ಲಿರಬೇಕು. ಬ್ರಿಟನ್ನಿನಲ್ಲಿ ಭೇಟಿ ವೀಸಾದ ಮೇಲೆ ವೈದ್ಯ ವಿದ್ಯಾರ್ಥಿಗಳು ಸಂಬಳವಿಲ್ಲದ ಇಲೆಕ್ಟಿವ್ ಮಾಡಬಹುದು, ಆದರೆ ರೋಗಿಗೆ ಚಿಕಿತ್ಸೆ ನೀಡುವಂತಿಲ್ಲ. ನಿಯಮಗಳು ಬದಲಾಗುತ್ತಿರುವುದರಿಂದ ಅರ್ಜಿಯ ದಿನ ಆಯಾ ಸರ್ಕಾರದ ಜಾಲತಾಣವನ್ನೇ ನೋಡಬೇಕು. ಸೀನಿಯರ್ ಹೇಳಿದ್ದು, ವಾಟ್ಸಾಪಿನಲ್ಲಿ ಬಂದದ್ದು ಪ್ರಮಾಣವಲ್ಲ.

ಖರ್ಚಿನಲ್ಲಿ ಕಲಿಕೆಯ ಶುಲ್ಕಕ್ಕೆ ಒಂದೇ ದರವಿಲ್ಲ. ಕೆಲವೆಡೆ ಅರ್ಜಿ ಶುಲ್ಕ ಮಾತ್ರ, ಕೆಲವೆಡೆ ತಿಂಗಳಿಗೆ ಸಾವಿರಾರು ಡಾಲರ್. ವಿಮಾನ, ವಿಮೆ, ವಸತಿ ಪ್ರತ್ಯೇಕ. ಕುಟುಂಬ ವೈದ್ಯಕೀಯ ಕ್ಲಿನಿಕ್ಕುಗಳು ಊರಿನ ಹೊರವಲಯದಲ್ಲೋ ಸಣ್ಣ ಊರಿನಲ್ಲೋ ಇರುವುದರಿಂದ, ಬಸ್ಸು ಇಲ್ಲದೆಡೆ ಓಡಾಟದ ಖರ್ಚು ಲೆಕ್ಕ ಮೀರುತ್ತದೆ. ಸ್ಥಳ ಆಯ್ಕೆ ಮಾಡುವಾಗಲೇ ನಕ್ಷೆ ನೋಡಿಕೊಳ್ಳುವುದು ಒಳ್ಳೆಯದು. ಅಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳಲ್ಲಿ ಇಂಥ ವಿದ್ಯಾರ್ಥಿಗಳಿಗೆ ಒಂದು ಕೋಣೆ, ಎರಡು ಹೊತ್ತಿನ ಊಟ ಕೊಡುವ ದಾಸೋಹ ಮನೋಭಾವದವರು ಇದ್ದಾರೆ. ಅವರನ್ನು ಎರಡು ದಿನ ಮುಂಚೆ ಕರೆದು ಸಂಕೋಚಕ್ಕೆ ಸಿಲುಕಿಸದೆ, ತಿಂಗಳುಗಳ ಮೊದಲೇ ವಿನಂತಿಸುವುದು ಮರ್ಯಾದೆ.

ಈ ಸಂಚಾರ ಒಂದೇ ದಿಕ್ಕಿನದಲ್ಲ ಎಂಬುದನ್ನೂ ತಿಳಿಸಬೇಕು. ಮಹಾರಾಷ್ಟ್ರದ ಜಾಮಖೇಡದಲ್ಲಿ ರಜನಿಕಾಂತ್ ಮತ್ತು ಮೇಬೆಲ್ ಆರೋಳೆ ದಂಪತಿಗಳು 1970ರಲ್ಲಿ ಆರಂಭಿಸಿದ ಗ್ರಾಮೀಣ ಆರೋಗ್ಯ ಯೋಜನೆಗೆ ಅಮೆರಿಕ, ಯೂರೋಪುಗಳ ವಿದ್ಯಾರ್ಥಿಗಳು ಕಲಿಯಲು ಬರುತ್ತಾರೆ. ಅವರಿಗೆ ಪಾಠ ಹೇಳುವವರಲ್ಲಿ, ಹೆಚ್ಚು ಓದದ, ತಮ್ಮ ಊರಿನಲ್ಲಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿಕೊಳ್ಳುವ ಗ್ರಾಮ ಆರೋಗ್ಯ ಕಾರ್ಯಕರ್ತೆಯರೂ ಇದ್ದಾರೆ. ಐದು ಗಂಟೆಗಳ ಬಸ್ ದಾರಿಯನ್ನು ಬಿಟ್ಟು ಹದಿನೈದು ಗಂಟೆಗಳ ವಿಮಾನ ಹತ್ತುವ ಮೊದಲು ನಮ್ಮ ವಿದ್ಯಾರ್ಥಿಗಳು ಇಂಥ ಸ್ಥಳಗಳಲ್ಲಿ ಒಂದೆರಡು ವಾರ ಕಳೆದರೆ, ಅಲ್ಲಿ ಏನನ್ನು ನೋಡಬೇಕೆಂಬ ಕಣ್ಣು ಬರುತ್ತದೆ.

ನಮ್ಮ ದೇಶದಲ್ಲಿ ಈ ವಿದ್ಯೆಯ ಸ್ಥಿತಿ ಇನ್ನೂ ಬಾಲ್ಯದ್ದು. 2002ರ ರಾಷ್ಟ್ರೀಯ ಆರೋಗ್ಯ ನೀತಿಯೇ ಕುಟುಂಬ ವೈದ್ಯಶಾಸ್ತ್ರದ ತಜ್ಞರ ಕೊರತೆಯನ್ನು ಎತ್ತಿ ಹೇಳಿತ್ತು. ಎಂ.ಡಿ. ಪದವಿಯನ್ನು ಕಲ್ಲಿಕೋಟೆಯ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭಿಸಿದ್ದು 2010ರ ದಶಕದಲ್ಲಿ. ಇಂದಿಗೂ ಬೆರಳೆಣಿಕೆಯ ಕಾಲೇಜುಗಳಲ್ಲಿ ಮಾತ್ರ ಅದಿದೆ. ಮೂರು ವರ್ಷದ ಡಿ.ಎನ್.ಬಿ. ಫ್ಯಾಮಿಲಿ ಮೆಡಿಸಿನ್ ಹೆಚ್ಚು ಕಡೆಗಳಲ್ಲಿ ಲಭ್ಯವಿದ್ದರೂ ಪಿ.ಜಿ. ಪ್ರವೇಶದ ಸಾಲಿನಲ್ಲಿ ಅದನ್ನು ಮೊದಲ ಆಯ್ಕೆಯಾಗಿ ಬರೆಯುವವರು ವಿರಳ. 2019ರ ಪಠ್ಯಕ್ರಮ ಇಲೆಕ್ಟಿವ್ ಪದ್ಧತಿಯನ್ನು ನಮ್ಮ ಎಂ.ಬಿ.ಬಿ.ಎಸ್.ಗೂ ತಂದಿದೆ. ಮೊದಲ ವರ್ಷದಿಂದಲೇ ವಿದ್ಯಾರ್ಥಿ ಕೆಲವು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ವರ್ಷಗಟ್ಟಲೆ ಭೇಟಿ ಕೊಡಬೇಕೆಂಬ ಕಾರ್ಯಕ್ರಮವೂ ಬಂದಿದೆ. ಅದನ್ನು ಬಸ್ಸಿನಲ್ಲಿ ಹೋಗಿ ಫೋಟೋ ತೆಗೆಸಿಕೊಂಡು ಬರುವ ಪ್ರವಾಸವಾಗಿ ಮುಗಿಸದೆ, ಆ ಮನೆಯ ಅಜ್ಜಿಯ ಮಾತ್ರೆಗಳ ಹೆಸರು ತಿಳಿಯುವಷ್ಟು ಮಾಡಿದ ವಿದ್ಯಾರ್ಥಿಗೆ ಹೊರದೇಶದ ಕ್ಲಿನಿಕ್ಕು ಹೊಸ ಲೋಕವೆನಿಸುವುದಿಲ್ಲ.

ಹೋಗಲು ನಿರ್ಧರಿಸಿದವರು ಕನಿಷ್ಠ ಒಂಬತ್ತು ತಿಂಗಳಿಂದ ಒಂದು ವರ್ಷ ಮೊದಲೇ ಸಿದ್ಧತೆ ಆರಂಭಿಸಬೇಕು. ಮೊದಲ ಕೆಲಸ ತಮ್ಮ ಕಾಲೇಜಿನ ಡೀನ್ ಕಚೇರಿಗೆ ಹೋಗಿ, ವಿದೇಶಿ ಇಲೆಕ್ಟಿವ್‌ಗೆ ಯಾವ ಅವಧಿಯಲ್ಲಿ ಅನುಮತಿ ದೊರೆಯುತ್ತದೆ, ಹಾಜರಾತಿಗೆ ಅದು ಲೆಕ್ಕವಾಗುತ್ತದೆಯೇ, ಕಾಲೇಜು ವಿ.ಎಸ್.ಎಲ್.ಒ. ಜಾಲದಲ್ಲಿದೆಯೇ ಎಂದು ಕೇಳಿ ಬರೆದುಕೊಳ್ಳುವುದು. ಎರಡನೆಯದು ಲಸಿಕೆ. ಶ್ರೀಮಠದ ವಿದ್ಯಾರ್ಥಿ ನೆರವಿಗೆ ಅರ್ಜಿ ಸಲ್ಲಿಸುವವರು ವಿಶ್ವವಿದ್ಯಾಲಯದ ಆಹ್ವಾನ ಪತ್ರವನ್ನೂ ಡೀನರ ಅನುಮತಿ ಪತ್ರವನ್ನೂ ಲಗತ್ತಿಸಬೇಕು. ಮಧ್ಯವರ್ತಿ ಸಂಸ್ಥೆಯ ರಸೀದಿಯನ್ನು ಮಾತ್ರ ಲಗತ್ತಿಸಿದ ಅರ್ಜಿಗಳನ್ನು ಕಚೇರಿಯು ಪರಿಗಣಿಸುವುದಿಲ್ಲ.